ಟೈರಿನ ಮನೆ ಸರಿ, ನಮ್ಮ ಮಾಳಿಗೆ ಮನೆ ಯಾಕೆ ಲೆಕ್ಕಕ್ಕಿಲ್ಲ?

ಸಂಪಾದಕರಿಗೆ ನಮಸ್ಕಾರ.

ನಿಮ್ಮ ಭಾನುವಾರದ ಪುರವಣಿಯಲ್ಲಿ ಹಳೆ ಟೈರು, ಬಾಟಲಿ, ಡಬ್ಬಿಗಳಿಂದ ಕಟ್ಟಿದ ಮನೆಗಳ ಲೇಖನ ಓದಿದೆ. ಚಿತ್ರಗಳು ಚೆನ್ನಾಗಿದ್ದವು. ಅದು ಬಂದ ಮೇಲೆ ನಮ್ಮ ಕಡೆಯ ಹುಡುಗರು ನನಗೆ ಫೋನ್ ಮಾಡಿ, "ಕಾಕಾ, ನಾವೂ ಹೊಲದಾಗ ಇಂಥದ್ದ ಕಟ್ತೀವಿ, ಟೈರ್ ಎಲ್ಲಿ ಸಿಗ್ತಾವ್ರಿ?" ಅಂತ ಕೇಳತೊಡಗಿದ್ದಾರೆ. ಅದಕ್ಕೇ ಈ ಪತ್ರ. ನಾನು ಯಲಬುರ್ಗಾ ತಾಲ್ಲೂಕಿನ ರೈತ. ಹೊಲದಲ್ಲಿ ಬಹುತೇಕ ಹಳೆ ಸಾಮಾನಿನಿಂದಲೇ ಮನೆ ಕಟ್ಟಿಕೊಂಡು, ಕರೆಂಟಿನ ತಂತಿ ಇಲ್ಲದೆ, ಅವ್ವ, ಹೆಂಡತಿ, ಇಬ್ಬರು ಮಕ್ಕಳ ಜೊತೆ ಇದ್ದೇನೆ. ಸ್ವಲ್ಪ ಉದ್ದ ಆಗಬಹುದು, ಕತ್ತರಿಸುವುದಾದರೆ ಸರ್ಕಾರದ ಮಾತು ಇರುವ ಭಾಗ ಬಿಟ್ಟು ಬೇರೆ ಎಲ್ಲಾದರೂ ಕತ್ತರಿಸಿ.

ಮೊದಲು ಟೈರಿನ ವಿಷಯ ಮುಗಿಸುತ್ತೇನೆ. ಆ ಮನೆ ಹುಟ್ಟಿದ್ದು ಅಮೆರಿಕದ ನ್ಯೂ ಮೆಕ್ಸಿಕೊದ ಟಾವೊಸ್ ಎಂಬಲ್ಲಿ. ಮೈಕೆಲ್ ರೆನಾಲ್ಡ್ಸ್ ಎಂಬ ವಾಸ್ತುಶಿಲ್ಪಿ 1970ರ ದಶಕದಲ್ಲಿ ಶುರು ಮಾಡಿದ್ದು, ಅರ್ಥ್‌ಶಿಪ್ ಅಂತ ಕರೆಯುತ್ತಾರೆ. ಟೈರಿನೊಳಗೆ ಮಣ್ಣು ಸುರಿದು ಸುತ್ತಿಗೆಯಿಂದ ಬಡಿದು ಬಡಿದು ತುಂಬುತ್ತಾರೆ. ತುಂಬಿದ ಒಂದು ಟೈರು ಒಂದೂಕಾಲು ಕ್ವಿಂಟಲ್‌ಗಿಂತ ಜಾಸ್ತಿ ತೂಗುತ್ತದೆ. ದಕ್ಷಿಣಕ್ಕೆ ಉದ್ದಕ್ಕೂ ಗಾಜು, ಉತ್ತರಕ್ಕೆ ಟೈರಿನ ಗೋಡೆ, ಅದರ ಬೆನ್ನಿಗೆ ಮಣ್ಣಿನ ಏರಿ. ಯಾಕೆ ಹಾಗೆ? ಟಾವೊಸ್ 2,000 ಮೀಟರಿಗಿಂತ ಎತ್ತರದಲ್ಲಿದೆ, ಅಲ್ಲಿ ಹಿಮ ಬೀಳುತ್ತದೆ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ಬಾಗಿ ಹೋಗುವಾಗ ಆ ಬಿಸಿಲನ್ನು ಗಾಜಿನ ಮೂಲಕ ಒಳಗೆ ತಂದು, ದಪ್ಪ ಗೋಡೆಯಲ್ಲಿ ಹಿಡಿದಿಟ್ಟು, ರಾತ್ರಿ ಬೆಚ್ಚಗೆ ಮಲಗುವ ಉಪಾಯ ಅದು. ಜಾಣ ಉಪಾಯ, ಇಲ್ಲ ಅನ್ನಲ್ಲ. ಆದರೆ ಬೆಚ್ಚಗೆ ಮಲಗಬೇಕಾ ಅಂತ ರಾಯಚೂರಿನವರನ್ನು ಏಪ್ರಿಲ್‌ನಲ್ಲಿ ಒಂದು ಸಲ ಕೇಳಿ ನೋಡಿ.

ನಾವಿರುವುದು 15 ಡಿಗ್ರಿ ಅಕ್ಷಾಂಶದ ಆಸುಪಾಸು. ಮೇ ಮೊದಲ ವಾರಕ್ಕೆ ಮಧ್ಯಾಹ್ನದ ಸೂರ್ಯ ನೆಟ್ಟಗೆ ನೆತ್ತಿ ಮೇಲೆ. ನಮ್ಮ ಮನೆಗಳಲ್ಲಿ ಮೊದಲು ಕಾಯುವುದು ಚಾವಣಿ, ಆಮೇಲೆ ಪಡುವಣ ಗೋಡೆ. ಚಾವಣಿಯ ಬಗ್ಗೆ ಯೋಚನೆ ಮಾಡದೆ ಗೋಡೆಗೆ ಏನು ತುಂಬಿದರೂ ಅಷ್ಟೇ. ಇನ್ನು ನಮ್ಮಲ್ಲಿ ಹಳೆ ಟೈರು ಕಸವೇ ಅಲ್ಲ. ಬಂಡಿಗೆ ಹಾಕುತ್ತಾರೆ, ರಿಮೋಲ್ಡ್ ಮಾಡುತ್ತಾರೆ, ಗುಜರಿಯವನು ಅದಕ್ಕೂ ರೇಟ್ ಹೇಳುತ್ತಾನೆ. ದುಡ್ಡು ಕೊಟ್ಟು ಕಸ ತರುವುದು ಯಾವ ಲೆಕ್ಕ? ಬಾಟಲಿ ಗೋಡೆಯಂತೂ ಬಾಟಲಿಗಿಂತ ಜಾಸ್ತಿ ಸಿಮೆಂಟು ತಿನ್ನುತ್ತದೆ. ನಾವು ಬಚ್ಚಲುಮನೆಯಲ್ಲಿ ಬೆಳಕಿಗಾಗಿ ಒಂದೇ ಒಂದು ಸಾಲು ಬಾಟಲಿ ಕೂರಿಸಿದ್ದೇವೆ. ಬಂದವರೆಲ್ಲ ಫೋಟೊ ತೆಗೆಯುವುದು ಅದನ್ನೇ!

ಕೊಪ್ಪಳ, ರಾಯಚೂರು, ಬಳ್ಳಾರಿ, ನಮ್ಮ ಈ ಮೂರೂ ಜಿಲ್ಲೆಗಳಲ್ಲಿ ನಿಜವಾಗಿ ಬಿಸಾಡುತ್ತಿರುವುದು ಮನೆಗಳನ್ನು. ರಸ್ತೆ ಅಗಲ ಮಾಡುವಾಗ, ಅಣ್ಣ ತಮ್ಮಂದಿರು ಪಾಲಾದಾಗ, ಮಗ ಬೆಂಗಳೂರಿನಿಂದ ದುಡ್ಡು ಕಳಿಸಿದಾಗ, ಮೊದಲು ಉರುಳುವುದು ಅಜ್ಜ ಕಟ್ಟಿಸಿದ ಮಾಳಿಗೆ ಮನೆ, ಅಂದರೆ ದಪ್ಪ ಗೋಡೆ, ಜಂತಿ ಮೇಲೆ ಮಣ್ಣು ಹಾಸಿದ ಚಪ್ಪಟೆ ಚಾವಣಿಯ ಮನೆ. ಜೆಸಿಬಿ ಬಂದು ಅರ್ಧ ದಿನದಲ್ಲಿ ನೆಲಸಮ ಮಾಡುತ್ತದೆ. ಕೆತ್ತನೆ ಇರುವ ಬಾಗಿಲು, ಕಂಬ ಇದ್ದರೆ ವ್ಯಾಪಾರಿಗಳು ಲಾರಿ ತಂದು ಒಯ್ಯುತ್ತಾರೆ, ಅವು ಎಲ್ಲೋ ರೆಸಾರ್ಟಿನ ಮುಂದೆ ನಿಲ್ಲುತ್ತವೆ. ಉಳಿದ ಕಲ್ಲು, ಜಂತಿ, ಇಟ್ಟಿಗೆ, ಮಣ್ಣು ಟ್ರ್ಯಾಕ್ಟರಿನಲ್ಲಿ ಹೋಗಿ ಹಳ್ಳಕ್ಕೆ ಬೀಳುತ್ತವೆ. ಮಳೆಗಾಲದಲ್ಲಿ ಅದೇ ಹಳ್ಳ ಊರೊಳಗೆ ನುಗ್ಗುತ್ತದೆ. ಎರಡು ಅಡಿ ದಪ್ಪದ ಗೋಡೆಯ ಮಣ್ಣನ್ನು ಕಲಸಿದರೆ ಮತ್ತೆ ಗೋಡೆಯಾಗುತ್ತದೆ, ಕಲ್ಲಿಗಂತೂ ಹಳೆಯದು ಹೊಸದು ಅಂತ ಇಲ್ಲವೇ ಇಲ್ಲ.

ನಮ್ಮ ಮನೆ ಹೀಗೆ ಬಿದ್ದ ಮನೆಗಳಿಂದಲೇ ಎದ್ದದ್ದು. ನಮ್ಮ ಹೊಲ ಎರೆಭೂಮಿ. ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ಹೋಗುವಷ್ಟು ಬಿರಿಯುತ್ತದೆ. ಅದರ ಮೇಲೆ ಸುಮ್ನೆ ಕಟ್ಟಿದ ಗೋಡೆ ಸೀಳುವುದು ಖಂಡಿತ, ಸಿಮೆಂಟಿನದಾದರೂ ಅಷ್ಟೇ. ಹಾಗಾಗಿ ಪಾಯಕ್ಕೆ ಎರೆ ಮಣ್ಣು ತೆಗೆದು ಗರಸು, ಅಂದರೆ ಕಲ್ಲು ಬೆರೆತ ಗಟ್ಟಿ ಮಣ್ಣು, ತುಂಬಿ, ಪದರ ಪದರವಾಗಿ ನೀರು ಹಾಕಿ ಧಮ್ಮಸ್ ಮಾಡಿ, ಅದರ ಮೇಲೆ ಹಳೆ ಮನೆಯ ಸೈಜುಗಲ್ಲು ಕೂರಿಸಿದೆವು. ಕಲ್ಲಿನ ಕಟ್ಟಡ ನೆಲದಿಂದ ಮೂರು ಅಡಿ ಮೇಲೆ ಬಂದಿದೆ, ಅಲ್ಲಿಂದ ಮೇಲೆ ಮಣ್ಣಿನ ಗೋಡೆ. ಪ್ರತಿ ಮಳೆಗಾಲ ಮಣ್ಣಿನ ಮನೆ ಬಿದ್ದ ಸುದ್ದಿ ನಿಮ್ಮಲ್ಲೇ ಬರುತ್ತದೆ, ಜೀವವೂ ಹೋಗುತ್ತದೆ. ಅದನ್ನು ಮುಚ್ಚಿಟ್ಟು ಮಣ್ಣಿನ ಮನೆ ಹೊಗಳುವವರನ್ನು ನಂಬಬೇಡಿ. ಆದರೆ ಯಾಕೆ ಬೀಳುತ್ತವೆ ಅಂತಲೂ ನೋಡಬೇಕಲ್ವಾ? ಬಹುಪಾಲು ಎರಡೇ ಕಾರಣ. ಗೋಡೆಯ ಬುಡಕ್ಕೆ ನೀರು ನಿಲ್ಲುವುದು, ಮಾಳಿಗೆ ಸೋರಿ ಗೋಡೆಯ ತಲೆ ನೆನೆಯುವುದು. ರಸ್ತೆ ಮೇಲೆ ರಸ್ತೆ ಹಾಕಿ ಹಾಕಿ ಮನೆಗಳು ತಗ್ಗಿಗೆ ಬಿದ್ದಿವೆ, ಚರಂಡಿ ನೀರು ಗೋಡೆಗೇ ಬಡಿಯುತ್ತದೆ. ಮಣ್ಣಿನ ತಪ್ಪೇನಿದೆ ಅದರಲ್ಲಿ.

ಮಣ್ಣೂ ನೋಡಿ ಆರಿಸಬೇಕು. ಗೋಡೆಗೆ ಎರೆ ಮಣ್ಣು ಆಗುವುದಿಲ್ಲ, ಒಣಗಿದಾಗ ಸೀಳುತ್ತದೆ. ಮಸಾರಿ ಮಣ್ಣು, ಅಂದರೆ ಮರಳಿನ ಅಂಶ ಇರುವ ಕೆಂಪು ಮಣ್ಣು ಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಅಸ್ತ್ರ ಎಂಬ ವಿಭಾಗದವರು ಇಂಥ ಮಣ್ಣಿಗೆ ಸ್ವಲ್ಪ ಸಿಮೆಂಟು ಬೆರೆಸಿ, ಕೈಯಿಂದ ಒತ್ತುವ ಯಂತ್ರದಲ್ಲಿ ಹಾಕಿ, ಸುಡದೆಯೇ ಗಟ್ಟಿ ಇಟ್ಟಿಗೆ ಮಾಡುವುದನ್ನು ತೋರಿಸಿಕೊಟ್ಟರು. ನೂರಕ್ಕೆ ಏಳೆಂಟು ಭಾಗ ಸಿಮೆಂಟು ಸಾಕು. ಬೆಂಗಳೂರಿನಲ್ಲಿ ಇಂಥ ಇಟ್ಟಿಗೆಯ ದೊಡ್ಡ ದೊಡ್ಡ ಮನೆಗಳಿವೆ. ನಮ್ಮ ತಾಲ್ಲೂಕಿನಲ್ಲಿ ಆ ಯಂತ್ರ ಬಾಡಿಗೆಗೆ ಸಿಗುವ ಜಾಗ ಒಂದೂ ಇಲ್ಲ.

ಅಡುಗೆಮನೆಯ ಪಡುವಣ ಗೋಡೆಗೆ ಹಳೆ ಇಟ್ಟಿಗೆ ಇತ್ತು, ಆದರೆ ಪೂರ್ತಿ ಗೋಡೆಗೆ ಸಾಲುವಷ್ಟು ಇರಲಿಲ್ಲ. ಆಗ ವಾಸ್ತುಶಿಲ್ಪಿ ಲಾರಿ ಬೇಕರ್ ಮಾಡುತ್ತಿದ್ದ ವಿಧಾನ ನೆನಪಾಯಿತು. ಇಂಗ್ಲೆಂಡಿನಲ್ಲಿ ಹುಟ್ಟಿ, ಕೇರಳದಲ್ಲಿ ಬಡವರಿಗೆ ಮನೆ ಕಟ್ಟಿಕೊಡುತ್ತಾ 2007ರಲ್ಲಿ ತೀರಿಕೊಂಡವರು. ಇಟ್ಟಿಗೆಯನ್ನು ಮಲಗಿಸದೆ ಅಂಚಿನ ಮೇಲೆ ನಿಲ್ಲಿಸಿ, ನಡುವೆ ಪೊಳ್ಳು ಬಿಟ್ಟು ಕಟ್ಟುವುದು. ಕಾಲು ಭಾಗದಷ್ಟು ಇಟ್ಟಿಗೆ ಉಳಿಯುತ್ತದೆ, ಪೊಳ್ಳಿನ ಗಾಳಿ ಬಿಸಿಲನ್ನೂ ತಡೆಯುತ್ತದೆ. ನಮ್ಮ ಗೌಂಡಿ ಕೇಳಿ ನಕ್ಕ. "ಇದು ಗೋಡಿ ಅಲ್ರೀ, ಇಲಿ ಬೋನು" ಅಂದ. ತಮಾಷೆ ಏನೆಂದರೆ ಇಂಗ್ಲಿಷಿನಲ್ಲೂ ಅದಕ್ಕೆ ಇಲಿಬೋನು ಅಂತಲೇ ಹೆಸರು. ಕಟ್ಟಿದ ಮೇಲೆ ತನ್ನ ಮನೆಗೂ ಅದನ್ನೇ ಮಾಡಿಕೊಂಡ ಅನ್ನಿ.

ಇನ್ನು ಚಾವಣಿ. ಇಲ್ಲೇ ಜಾಸ್ತಿ ತಲೆ ಓಡಿಸಬೇಕು. ಹಳೆ ತೊಲೆಗಳನ್ನು ಉಳಿ ಹೊಡೆದು ಪರೀಕ್ಷೆ ಮಾಡಿ, ಗೆದ್ದಲು ಹಿಡಿದ ತುದಿ ಕತ್ತರಿಸಿ, ಗೋಡೆಯಲ್ಲಿ ಕೂರುವ ಕಡೆ ಕಲ್ಲಿನ ಹಾಸು ಕೊಟ್ಟೆವು. ತೊಲೆ ಮೇಲೆ ಜಂತಿ, ಜಂತಿ ಮೇಲೆ ಸೀಳು ಕಟ್ಟಿಗೆ, ಅದರ ಮೇಲೆ ಬೇವಿನ ಸೊಪ್ಪು, ಕಲಸಿದ ಮಣ್ಣು, ಕೊನೆಗೆ ಕರ್ಲು. ಕರ್ಲು ಮಣ್ಣು ಗೊತ್ತಿಲ್ಲದವರಿಗೆ ಹೇಳುತ್ತೇನೆ, ಅದು ಸವಳಿನ ಮಣ್ಣು, ನೀರು ಬಿದ್ದರೆ ಬಿಗಿದುಕೊಂಡು ಕೆಳಗೆ ಇಳಿಯಲು ಬಿಡುವುದಿಲ್ಲ. ಬೆಳೆಗೆ ಬೇಡವಾದ ಮಣ್ಣು ಮಾಳಿಗೆಗೆ ಬೇಕಾದದ್ದು. ಯಾವ ಜಾಗದ ಕರ್ಲು ಒಳ್ಳೆಯದು, ಎಷ್ಟು ದಪ್ಪ ಹಾಕಬೇಕು, ಇಳಿಜಾರು ಎಷ್ಟು ಕೊಡಬೇಕು, ಇದೆಲ್ಲ ನಮ್ಮೂರಲ್ಲಿ ಗೊತ್ತಿರುವವರು ಈಗ ಮುದುಕರು ಮಾತ್ರ. ಅವರಲ್ಲಿ ಒಬ್ಬರು ಕಟ್ಟೆ ಮೇಲೆ ಕೂತು ಹೇಳುತ್ತಿದ್ದರು, ನಾವು ಮಾಡುತ್ತಿದ್ದೆವು.

ಅಜ್ಜನ ಕಾಲದಂತೆ ಅಲ್ಲಿಗೇ ನಿಲ್ಲಿಸಲಿಲ್ಲ. ಮಾಳಿಗೆಯಿಂದ ಒಂದೂವರೆ ಅಡಿ ಎತ್ತರಕ್ಕೆ ಹಳೆ ಕಬ್ಬಿಣದ ಆಂಗಲ್ ಎಬ್ಬಿಸಿ, ಗುಜರಿಯಲ್ಲಿ ಸಿಕ್ಕ ತಗಡು ಹೊದಿಸಿದೆವು. ಆಷಾಢದ ಗಾಳಿಗೆ ಹಾರದಂತೆ ಬೋಲ್ಟ್ ಬಿಗಿ ಮಾಡಿದ್ದೇವೆ. ಬಿಸಿಲೆಲ್ಲ ತಗಡಿನ ಮೇಲೆ ಬೀಳುತ್ತದೆ, ನಡುವಿನ ಸಂದಿಯಲ್ಲಿ ಗಾಳಿ ಆಡುತ್ತದೆ, ಮಾಳಿಗೆ ನೆರಳಲ್ಲಿ ಇರುತ್ತದೆ. ಮಳೆ ನೇರ ಬೀಳದ ಕಾರಣ ಸೋರುವ ಭಯವೂ ಹೋಯಿತು. ತಗಡಿನ ನೀರು ಸ್ವಚ್ಛವಾಗಿ ಟ್ಯಾಂಕಿಗೂ ಬರುತ್ತದೆ.

ಈ ನೀರಿನ ವಿಷಯ ಸ್ವಲ್ಪ ಗಮನ ಕೊಟ್ಟು ಓದಿ. ಕೊಪ್ಪಳ, ರಾಯಚೂರು ಜಿಲ್ಲೆಗಳ ಎಷ್ಟೋ ಊರಿನ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಕುಡಿಯಬಾರದು. ಹಲ್ಲು ಕಂದುಗಟ್ಟಿದ ಮಕ್ಕಳು, ನಲವತ್ತಕ್ಕೇ ಮಂಡಿ ಹಿಡಿದು ಏಳುವ ಹೆಂಗಸರು ನಮಗೆ ಹೊಸಬರಲ್ಲ. ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಬತ್ತಿದಷ್ಟೂ ಇನ್ನೂ ಗಟ್ಟಿಯಾಗುತ್ತದೆ. ಮಳೆ ನೀರಿಗೆ ಆ ರೋಗವಿಲ್ಲ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ಸರಳ ಲೆಕ್ಕ. 600 ಚದರಡಿ ತಗಡು ಅಂದರೆ 56 ಚದರ ಮೀಟರ್. ವರ್ಷಕ್ಕೆ 550 ಮಿಲಿಮೀಟರ್ ಮಳೆ ಹಿಡಿದರೆ 30,800 ಲೀಟರ್. ಐದರಲ್ಲಿ ಒಂದು ಭಾಗ ಹಾಳಾಯಿತು ಅಂದುಕೊಂಡರೂ 24,000 ಲೀಟರ್ ಮೇಲೆಯೇ ಉಳಿಯಿತು. ಐದು ಜನಕ್ಕೆ ಕುಡಿಯಲು, ಅಡುಗೆಗೆ ದಿನಕ್ಕೆ 25 ಲೀಟರ್ ಅಂದರೆ ವರ್ಷಕ್ಕೆ 9,000 ಚಿಲ್ಲರೆ. ಬರಗಾಲದ ವರ್ಷ ಅರ್ಧ ಮಳೆ ಬಂದರೂ ಸಾಲುತ್ತದೆ. 10,000 ಲೀಟರಿನ ಟ್ಯಾಂಕು, ಬೆಳಕು ಹೋಗದಂಥ ಮುಚ್ಚಳ, ಇದ್ದಿಲು ಮರಳಿನ ಸೋಸು. ಮೊದಲ ಒಂದೆರಡು ಮಳೆಯ ನೀರನ್ನು ಹೊರಗೆ ಬಿಡಬೇಕು, ಕುಡಿಯುವ ಮುಂಚೆ ಕಾಯಿಸಬೇಕು. ಅಷ್ಟೇ. ಬಟ್ಟೆ, ಪಾತ್ರೆ, ದನಕ್ಕೆ ಬೋರಿನ ನೀರು. ಬಚ್ಚಲ ನೀರು ಬಾಳೆಗೆ.

ನೆಲಕ್ಕೆ ಕುಷ್ಟಗಿ, ಇಳಕಲ್ ಕಡೆಯ ಗ್ರಾನೈಟ್ ತುಂಡುಗಳು. ಪಾಲಿಶ್ ಫ್ಯಾಕ್ಟರಿಗಳ ಹಿಂದೆ ರಾಶಿ ಬಿದ್ದಿರುತ್ತವೆ. ಒಂದರ ಬಣ್ಣ ಇನ್ನೊಂದಕ್ಕೆ ಹೊಂದುವುದಿಲ್ಲ, ನನ್ನ ಹೆಂಡತಿಗೆ ಇವತ್ತಿಗೂ ಅದು ಅಸಮಾಧಾನ.

ಅವಳ ಮಾತು ಬಂತು ಅಂತ ಹೇಳುತ್ತೇನೆ. ಇಂಥ ಮನೆಗಳ ಸುದ್ದಿಯಲ್ಲಿ ಯಾವಾಗಲೂ ಗಂಡಸಿನ ಫೋಟೊ ಬರುತ್ತದೆ. ನಮ್ಮ ಮನೆಗೆ ಮಣ್ಣು ತುಳಿದದ್ದು, ಹೊಟ್ಟು ಸಗಣಿ ಕಲಸಿ ಕೊಳೆ ಹಾಕಿದ್ದು, ಒಳಗೆ ಹೊರಗೆ ಸಾರಿಸಿದ್ದು ಬಹುಪಾಲು ಹೆಂಗಸರು. ಅವ್ವ, ಹೆಂಡತಿ, ಮುಯ್ಯಾಳಿಗೆ ಬಂದ ಅಕ್ಕಪಕ್ಕದ ಹೊಲದವರು. ಮಣ್ಣಿನ ಗೋಡೆಗೆ ವರ್ಷಕ್ಕೊಮ್ಮೆ ಮೈ ನೋಡಿಕೊಳ್ಳಲೇಬೇಕು, ಆ ದುಡಿಮೆಯೂ ಅವರದೇ. ಅವರನ್ನು ಕೇಳದೆ ಯಾರೂ ಇಂಥ ಮನೆಗೆ ಕೈ ಹಾಕಬೇಡಿ.

ಕರೆಂಟ್ ವಿಷಯಕ್ಕೆ ಬರೋಣ. ನಗರದಲ್ಲಿ ಆಫ್‌ಗ್ರಿಡ್, ಅಂದರೆ ಸರ್ಕಾರಿ ಕರೆಂಟಿನ ತಂತಿ ಇಲ್ಲದೆ ಇರುವುದು, ಶೋಕಿ ಇರಬಹುದು. ಹೊಲದ ಮನೆಯವರು ಮೊದಲಿನಿಂದಲೂ ಆಫ್‌ಗ್ರಿಡ್ಡೇ. ನಮ್ಮ ಹೊಲದಿಂದ ನೋಡಿದರೆ ಸುತ್ತಲೂ ಗಾಳಿಯಂತ್ರಗಳು ತಿರುಗುತ್ತಿರುತ್ತವೆ. ಆ ಕರೆಂಟೆಲ್ಲ ನಮ್ಮ ತಲೆ ಮೇಲೆ ಹೋಗುತ್ತದೆ, ನಮ್ಮ ಮನೆಗೆ ತಂತಿ ಎಳೆಸಬೇಕಾದರೆ ಕಂಬಗಳ ಖರ್ಚು ನಾವೇ ಹೊರಬೇಕು. ಆ ದುಡ್ಡಿಗೆ ಸೋಲಾರ್ ಹಾಕಿಸಿದೆವು. ಒಂದು ಕಿಲೋವಾಟ್ ಪ್ಯಾನೆಲ್ ನಮ್ಮ ಬಿಸಿಲಿಗೆ ದಿನಕ್ಕೆ ನಾಲ್ಕು ಯೂನಿಟ್ ಕೊಡುತ್ತದೆ. ಮಾಮೂಲಿ ಫ್ಯಾನು 75 ವಾಟ್ ತಿಂದರೆ ಬಿಎಲ್‌ಡಿಸಿ ಫ್ಯಾನು 30 ವಾಟ್ ಒಳಗೇ ಮುಗಿಸುತ್ತದೆ. ಅಂಥ ಮೂರು ಫ್ಯಾನು, ಎಲ್‌ಇಡಿ ದೀಪ, ಸಣ್ಣ ಫ್ರಿಜ್, ಟಿವಿ, ಮೊಬೈಲು ಎಲ್ಲಾ ಸೇರಿ ಎರಡೂವರೆ ಮೂರು ಯೂನಿಟ್. ಪ್ಯಾನೆಲ್ ತೊಂದರೆ ಕೊಡುವುದಿಲ್ಲ, ಇಪ್ಪತ್ತೈದು ವರ್ಷ ಆದರೂ ನೂರಕ್ಕೆ ಎಂಬತ್ತರಷ್ಟು ಕೆಲಸ ಮಾಡುತ್ತದೆ. ಕಾಡುವುದು ಬ್ಯಾಟರಿ. 12 ವೋಲ್ಟಿನ, 150 ಎಎಚ್‌ನ ಬ್ಯಾಟರಿಯಲ್ಲಿ ಲೆಕ್ಕಕ್ಕೆ 1.8 ಯೂನಿಟ್ ಇದ್ದರೂ ಅರ್ಧಕ್ಕಿಂತ ಜಾಸ್ತಿ ಹಿಂಡಿದರೆ ಬೇಗ ಸಾಯುತ್ತದೆ. ಎರಡು ಬೇಕು, ಹೊತ್ತಿಗೆ ಸರಿಯಾಗಿ ಡಿಸ್ಟಿಲ್ಡ್ ವಾಟರ್ ಹಾಕಬೇಕು, ಆದರೂ ನಾಲ್ಕೈದು ವರ್ಷಕ್ಕೆ ಬದಲಾಯಿಸಬೇಕು. ಮೋಡ ಕವಿದ ಶ್ರಾವಣದ ವಾರದಲ್ಲಿ ಫ್ರಿಜ್ ಬಂದ್. ಇದನ್ನೆಲ್ಲ ವಿಡಿಯೊ ಮಾಡುವವರು ಹೇಳುವುದಿಲ್ಲ.

ಊರೊಳಗೆ ತಂತಿ ಇರುವವರಿಗೆ ನಾನು ಇದನ್ನು ಮಾಡಿ ಅಂತ ಹೇಳುವುದೂ ಇಲ್ಲ. ಗೃಹಜ್ಯೋತಿಯಲ್ಲಿ 200 ಯೂನಿಟ್ ತನಕ ಪುಕ್ಕಟೆ ಸಿಗುವಾಗ ಬ್ಯಾಟರಿಗೆ ಯಾಕೆ ದುಡ್ಡು ಸುರಿಯಬೇಕು?

ಈಗ ಮುಖ್ಯ ಮಾತು. 2024ರಲ್ಲಿ ಬಂದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಒಂದು ಕಿಲೋವಾಟಿಗೆ 30,000 ರೂಪಾಯಿ, ಎರಡಕ್ಕೆ 60,000, ಮೂರಕ್ಕೆ 78,000 ಸಹಾಯಧನ ಇದೆ. ಆದರೆ ಅದು ಗ್ರಿಡ್‌ಗೆ ಸೇರಿದ ಸೋಲಾರಿಗೆ ಮಾತ್ರ. ಮನೆಗೆ ತಂತಿ ಇದ್ದವನಿಗೆ ಸಹಾಯ, ತಂತಿಯೇ ಇಲ್ಲದವನಿಗೆ ಏನೂ ಇಲ್ಲ. ಇದು ಹೊಟ್ಟೆ ತುಂಬಿದವನಿಗೆ ಮತ್ತೊಂದು ರೊಟ್ಟಿ ಬಡಿಸಿದ ಹಾಗಲ್ಲವೇ? ಹೊಲದ ಮನೆ, ತಾಂಡಾದಿಂದ ಆಚೆ ಇರುವ ಮನೆಗಳಿಗೆ ಬ್ಯಾಟರಿ ಇರುವ ಸಣ್ಣ ಸೋಲಾರಿಗೂ ಅದೇ 30,000 ಕೊಡಲಿ. ಜಾಸ್ತಿ ಕೇಳುತ್ತಿಲ್ಲ.

ಮನೆಯ ವಿಷಯದಲ್ಲೂ ಅದೇ ಕಥೆ. ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆಯಲ್ಲಿ ಬಯಲುಸೀಮೆಗೆ 1.20 ಲಕ್ಷ ರೂಪಾಯಿ, ಮನೆ ಕನಿಷ್ಠ 25 ಚದರ ಮೀಟರ್ ಇರಬೇಕು. ಸ್ಥಳೀಯ ಸಾಮಗ್ರಿ ಬಳಸಬಹುದು ಅಂತ ನಿಯಮದಲ್ಲೇ ಇದೆ. ಆದರೆ ಎಸ್ಟಿಮೇಟ್ ಬರೆಯುವವರ ಕೈಯಲ್ಲಿರುವುದು ಸಿಮೆಂಟ್ ಬ್ಲಾಕ್, ಆರ್‌ಸಿಸಿ ಸ್ಲ್ಯಾಬಿನ ನಕ್ಷೆ ಒಂದೇ. 1.20 ಲಕ್ಷದಲ್ಲಿ ಆರ್‌ಸಿಸಿ ಮನೆ ಮುಗಿಯುವುದಿಲ್ಲ ಅಂತ ಎಲ್ಲರಿಗೂ ಗೊತ್ತು. ಸಾಲ ಮಾಡಿ ಮುಗಿಸಿ, ಬೇಸಿಗೆಯಲ್ಲಿ ಆ ಸ್ಲ್ಯಾಬಿನ ಕೆಳಗೆ ಮಲಗಲಾರದೆ ಬೇವಿನ ಮರದ ಕೆಳಗೆ ಮಂಚ ಹಾಕುತ್ತಾರೆ. ನಾನು ಒಂದು ಬ್ಯಾಂಕಿಗೆ ಸಾಲ ಕೇಳಲು ಹೋದಾಗ "ಮಣ್ಣಿನ ಮನೆಗೆ ವ್ಯಾಲ್ಯುಯೇಶನ್ ಇಲ್ಲ" ಅಂದರು. ಟ್ರ್ಯಾಕ್ಟರ್ ಸಾಲ ಬೇಕಾದರೆ ತಗೊಳ್ಳಿ ಅಂದರು. ಆನೆಗೊಂದಿ, ಹಂಪಿ ಕಡೆ ಇಂಥದ್ದೇ ಗೋಡೆ, ಇಂಥದ್ದೇ ಜಂತಿಯ ಕೋಣೆಗೆ ಪ್ರವಾಸಿಗರು ಒಂದು ರಾತ್ರಿಗೆ ಸಾವಿರಗಟ್ಟಲೆ ಬಾಡಿಗೆ ಕೊಡುತ್ತಾರೆ. ಅದರಲ್ಲೇ ನಾನು ಸಂಸಾರ ಮಾಡಿದರೆ ಮಾತ್ರ ಅದಕ್ಕೆ ಬೆಲೆ ಇಲ್ಲ!

ಬಳ್ಳಾರಿ, ರಾಯಚೂರಿನವರಿಗೆ ನಮಗಿಂತ ಸಾಮಾನು ಜಾಸ್ತಿ. ಶಕ್ತಿನಗರದಲ್ಲಿ 1,720 ಮೆಗಾವಾಟಿನ ಸ್ಥಾವರದ ಹಾರುಬೂದಿ ಇದೆ, ಅದರಿಂದ ಸುಡದ ಇಟ್ಟಿಗೆ ಆಗುತ್ತದೆ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಸ್ಲ್ಯಾಗ್, ಅಂದರೆ ಕುಲುಮೆಯ ಕಿಟ್ಟ, ಪುಡಿ ಮಾಡಿದರೆ ಮರಳಿನ ಬದಲು ಬರುತ್ತದೆ, ಹೊಳೆ ಬಗೆಯುವುದು ಅಷ್ಟರಮಟ್ಟಿಗೆ ತಪ್ಪುತ್ತದೆ. ನಮ್ಮ ಜಿಲ್ಲೆಯದೇ ಆದ ಗಂಗಾವತಿ ರೈಸ್ ಮಿಲ್ಲುಗಳ ಹೊಟ್ಟೂ ಮಣ್ಣಿನ ಗಾರೆಗೆ ಹೇಳಿ ಮಾಡಿಸಿದ್ದು. ಬಳ್ಳಾರಿಯ ಜೀನ್ಸ್ ಹೊಲಿಯುವ ಕಡೆ ಬೀಳುವ ಕಟಿಂಗ್ ಚಿಂದಿಯ ಬಗ್ಗೆ ನನಗೆ ಬಹಳ ಆಸೆ. ಅಮೆರಿಕದಲ್ಲಿ ಹಳೆ ಡೆನಿಮ್ ತರಿದು, ಬೆಂಕಿ, ಹುಳ ಹಿಡಿಯದಂತೆ ಬೋರೇಟ್ ಸೇರಿಸಿ, ಗೋಡೆ ಚಾವಣಿಗೆ ತುಂಬುವ ದಪ್ಪ ಹಾಸು ಮಾಡಿ ಮಾರುತ್ತಾರೆ. ಬಳ್ಳಾರಿಯಲ್ಲಿ ಇಂಜಿನಿಯರಿಂಗ್ ಕಾಲೇಜುಗಳಿವೆ, ಚಿಂದಿಯೂ ಇದೆ, ತಗಡಿನ ಮನೆಯಲ್ಲಿ ಬೇಯುವ ಜನರೂ ಇದ್ದಾರೆ. ಕೊನೆ ವರ್ಷದ ಹುಡುಗರು ಪ್ರಾಜೆಕ್ಟ್ ಅಂತ ಎಲ್ಲಿಂದಲೋ ಕೊಂಡು ತರುವ ಬದಲು ಇದನ್ನು ಮಾಡಿ ನೋಡಬಾರದೇ? ಮಾಡುವುದಾದರೆ ನಮ್ಮ ದನದ ಕೊಟ್ಟಿಗೆಯ ತಗಡನ್ನು ಕೊಡುತ್ತೇನೆ, ಅಲ್ಲಿ ಪ್ರಯೋಗ ಮಾಡಲಿ.

ನನ್ನ ಕೇಳಿಕೆ ಇನ್ನೊಂದಿದೆ. ಪ್ರತಿ ತಾಲ್ಲೂಕಿನಲ್ಲಿ ಬಿದ್ದ ಮನೆಯ ಕಲ್ಲು, ತೊಲೆ, ಬಾಗಿಲು, ಇಟ್ಟಿಗೆ ತಂದು ಹಾಕುವ ಒಂದು ಜಾಗ ಇರಲಿ. ಹಳ್ಳಕ್ಕೆ ಸುರಿಯುವ ಬದಲು ಅಲ್ಲಿ ಸುರಿಯಲಿ, ಬೇಕಾದವರು ಟ್ರ್ಯಾಕ್ಟರ್ ಬಾಡಿಗೆ ಕೊಟ್ಟು ಒಯ್ಯಲಿ. ಕಟ್ಟಡ ಒಡೆದ ತ್ಯಾಜ್ಯವನ್ನು ಬೇರೆ ಮಾಡಿ ಮತ್ತೆ ಬಳಸಬೇಕು ಅಂತ 2016ರಿಂದಲೇ ಕೇಂದ್ರದ ನಿಯಮ ಇದೆ, ನಮ್ಮ ಕಡೆ ಅದು ಕಾಗದ ಬಿಟ್ಟು ಕೆಳಗೆ ಇಳಿದಿಲ್ಲ. ಜೊತೆಗೆ ಕರ್ಲು ಹಾಕುವ, ಮಣ್ಣು ಹದ ನೋಡುವ ಹಿರಿಯ ಗೌಂಡಿಗಳಿಗೆ ದಿನಗೂಲಿ ಕೊಟ್ಟು ಹುಡುಗರಿಗೆ ಕಲಿಸಲು ಕರೆಯಲಿ. ಐಟಿಐಗಳಲ್ಲಿ ಇದಕ್ಕೆ ಒಂದು ತಿಂಗಳ ಜಾಗ ಸಿಕ್ಕರೂ ಸಾಕು.

ನೀವೂ ಮುಂದಿನ ಪುರವಣಿಯಲ್ಲಿ ಇಂಥ ಗೌಂಡಿಗಳನ್ನು ಹುಡುಕಿ ಬರೆಯಿರಿ. ನಿಮ್ಮ ವರದಿಗಾರರನ್ನು ನಮ್ಮ ಮನೆಗೂ ಕಳಿಸಿ. ಡಿಸೆಂಬರ್‌ನಲ್ಲಿ ಬೇಡ, ಆಗ ಎಲ್ಲರ ಮನೆಯೂ ತಂಪೇ. ಮೇ ತಿಂಗಳಲ್ಲಿ, ಮಧ್ಯಾಹ್ನ ಎರಡು ಗಂಟೆಗೆ ಬರಲಿ, ಥರ್ಮಾಮೀಟರ್ ತರಲಿ. ಊಟ ನಮ್ಮಲ್ಲೇ.

ಇಂತಿ,
ನಿಮ್ಮ ಓದುಗ
ಯಲಬುರ್ಗಾ ತಾಲ್ಲೂಕು, ಕೊಪ್ಪಳ ಜಿಲ್ಲೆ